ಬೋರ್ಡಿನಲ್ಲಿ ಉಳಿದ ಮ್ಯಾಚು

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಈಗಲೂ ಯಾರಿಂದಲೋ ನನ್ನ ನಂಬರ್ ಪಡೆದು ಫೋನ್ ಮಾಡುತ್ತಾರೆ. ಎಲ್ಲರದೂ ಒಂದೇ ಭಯ. ಬೇಸ್‌ಬಾಲ್ ಆಡಿಲ್ಲ, ನೋಡಿಲ್ಲ, ಕಲಿಯಲು ಆಗುತ್ತದೋ ಇಲ್ಲವೋ ಅಂತ. ಆಗುತ್ತದೆ. ಕ್ರಿಕೆಟ್ ಬಿಟ್ಟು ಬೇರೇನೂ ಗೊತ್ತಿಲ್ಲದ ನಾನೇ ಕಲಿತೆ. ಆಟ ಕಲಿಯುವುದು ದೊಡ್ಡ ಮಾತಲ್ಲ. ಹೆಡ್‌ಫೋನ್ ಹಾಕಿಕೊಂಡು, ಆ ಆಟದ ಬಗ್ಗೆ ಕಾಮೆಂಟೇಟರುಗಳು ಆಡುವ ಮಾತು ಕೇಳುತ್ತಾ ಬಾಯಿ ಮುಚ್ಚಿಕೊಂಡು ಕೂರಬೇಕಲ್ಲ, ಅದು ಕಷ್ಟ. ನಿವೃತ್ತಿಯಾಗುವವರೆಗೂ ಅದು ನನಗೆ ಬರಲೇ ಇಲ್ಲ.

ನಾನು ಪೀಣ್ಯದಲ್ಲಿ ದುಡಿದವನು. ಅಲ್ಲಿನ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳತೆ ಹಿಡಿದು ಪಾಸು ಮಾಡುವ ಕೆಲಸ. ಭಾನುವಾರ ಕಾರ್ಖಾನೆಗಳ ನಡುವೆ ನಡೆಯುತ್ತಿದ್ದ ಕ್ರಿಕೆಟ್ ಪಂದ್ಯಗಳಿಗೆ ಸ್ಕೋರ್ ಬರೆಯುವುದು ನನ್ನ ಹುಚ್ಚು. ಕಾರ್ಖಾನೆ ಬಾಗಿಲು ಹಾಕಿದಾಗ ಗೆಳೆಯನೊಬ್ಬ, ವೈಟ್‌ಫೀಲ್ಡ್ ಕಡೆ ಯಾವುದೋ ಕಂಪನಿಗೆ ಸ್ಕೋರ್ ಬರೆಯುವವರು ಬೇಕಂತೆ ಅಂದ. ಕ್ರಿಕೆಟ್ಟೇ ಇರಬೇಕು ಅಂದುಕೊಂಡು ಇಸ್ತ್ರಿ ಅಂಗಿ ತೊಟ್ಟು ಹೋದೆ. ಅಲ್ಲಿ ಪರದೆಯ ಮೇಲೆ ಒಬ್ಬ ಒನಕೆಯಂಥ ಬ್ಯಾಟನ್ನು ಹೆಗಲ ಮೇಲಿಟ್ಟುಕೊಂಡು ನಿಂತಿದ್ದ. ಇದೇನು ಅಂತ ಕೇಳಿದೆ. ಇದೇ ಕೆಲಸ ಅಂದರು. ಕೈಯಲ್ಲಿ ಬೇರೆ ಕೆಲಸ ಇರಲಿಲ್ಲ, ಸೇರಿಕೊಂಡೆ. ಮನೆಯನ್ನು ದೊಡ್ಡನೆಕ್ಕುಂದಿಗೆ ಬದಲಾಯಿಸಿದೆವು.

ಕೆಲಸ ಏನು ಅಂದರೆ, ಅಮೆರಿಕದಲ್ಲಿ ಸಂಜೆ ಆಟ ಶುರುವಾದಾಗ ಇಲ್ಲಿ ನಸುಕು. ನಾವು ಪಟ್ಟಂದೂರು ಅಗ್ರಹಾರದ ಪಕ್ಕದ ಕಟ್ಟಡದಲ್ಲಿ ಕೂತು, ಒಂದು ಪರದೆಯಲ್ಲಿ ಆಟ ನೋಡುತ್ತಾ ಇನ್ನೊಂದರಲ್ಲಿ ಪ್ರತಿ ಎಸೆತವನ್ನೂ ದಾಖಲಿಸಬೇಕು. ಯಾರು ಎಸೆದರು, ಯಾರು ಹೊಡೆದರು, ಚೆಂಡು ಎಲ್ಲಿ ಹೋಯಿತು, ಯಾರು ಹಿಡಿದರು. ಅದರಿಂದ ತೆಗೆದ ಅಂಕಿಅಂಶ ಆ ಕ್ಷಣವೇ ಅಲ್ಲಿನ ಕಾಮೆಂಟೇಟರುಗಳ ಮುಂದೆ ಮೂಡುತ್ತದೆ. ಅವರು ಅದನ್ನು ಓದಿ, ತಮಗೆ ತೋಚಿದ ಅರ್ಥ ಕಟ್ಟಿ, ಲೋಕಕ್ಕೆಲ್ಲ ಹೇಳುತ್ತಾರೆ. ಅಡುಗೆ ಮಾಡಿದವರು ನಾವು, ಉಪ್ಪು ಸುರಿಯುವವರು ಅವರು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಚೌಕದ ನಾಲ್ಕು ಮೂಲೆಗಳಲ್ಲಿ ನಾಲ್ಕು ಬೇಸು. ಬ್ಯಾಟು ಹಿಡಿದವನು ಚೆಂಡು ಹೊಡೆದು ಓಡಿ, ಮೂರು ಬೇಸು ದಾಟಿ, ಹೊರಟ ಜಾಗಕ್ಕೇ ವಾಪಸು ಬಂದರೆ ಒಂದು ರನ್. ಎಸೆಯುವವನು ನಾಲ್ಕು ಸಲ ಕೈಗೆಟುಕದಂತೆ ಆಚೀಚೆ ಎಸೆದರೆ, ಬ್ಯಾಟ್ಸ್‌ಮನ್ ಹೊಡೆಯದೆಯೇ ಮೊದಲ ಬೇಸಿಗೆ ನಡೆದು ಹೋಗಬಹುದು. ಇದಕ್ಕೆ ನಮ್ಮ ಆಫೀಸಿನಲ್ಲಿ ಪುಕ್ಕಟೆ ಬೇಸು ಅಂತ ಹೆಸರಿಟ್ಟಿದ್ದೆವು.

ಮೊದಲ ವರ್ಷ ನನ್ನ ತಲೆ ಕೆಟ್ಟದ್ದು ಈ ಪುಕ್ಕಟೆ ಬೇಸಿನಿಂದಲೇ. ಒಂದು ತಂಡದಲ್ಲಿ ಒಬ್ಬ ಕಡ್ಡಿ ಪೈಲ್ವಾನನಿದ್ದ. ಕೆಟ್ಟ ಚೆಂಡಿಗೆ ಬ್ಯಾಟು ಬೀಸುವವನೇ ಅಲ್ಲ. ಸುಮ್ಮನೆ ನಿಂತು, ಎಸೆಯುವವನ ತಾಳ್ಮೆ ಕೆಡಿಸಿ, ಪುಕ್ಕಟೆ ಬೇಸು ಗಿಟ್ಟಿಸುತ್ತಿದ್ದ. ಆದರೆ ಬ್ಯಾಟಿಂಗ್ ಸರಾಸರಿ ಅನ್ನುವ ಹಳೇ ಲೆಕ್ಕದಲ್ಲಿ ಹೊಡೆದದ್ದಕ್ಕೆ ಮಾತ್ರ ಬೆಲೆ, ಪುಕ್ಕಟೆ ಬೇಸು ಆ ಲೆಕ್ಕಕ್ಕೇ ಬರುವುದಿಲ್ಲ. ಕಾಮೆಂಟೇಟರ್ ಆ ಸರಾಸರಿ ಓದಿ, ಈತ ಸೋಮಾರಿ, ಹೊಡೆಯುವ ಧೈರ್ಯವಿಲ್ಲ, ತಂಡದವರು ಯಾಕೆ ಇಟ್ಟುಕೊಂಡಿದ್ದಾರೋ ಅಂತ ದಿನಾ ಮರುಗುತ್ತಿದ್ದ. ಅವನು ಮರುಗುತ್ತಿರುವಾಗಲೇ ಕಡ್ಡಿ ಪೈಲ್ವಾನ ಮೊದಲ ಬೇಸಿನ ಮೇಲೆ ನಿಂತಿರುತ್ತಿದ್ದ.

ಆಗ ನನ್ನ ಪಕ್ಕ ಕೂರುತ್ತಿದ್ದವಳು ಮಹಾದೇವಿ. ವಿಜಯಪುರದ ಕಡೆಯವಳು. ಊರಲ್ಲಿ ಶಾಲೆಯೊಂದರಲ್ಲಿ ತಾತ್ಕಾಲಿಕ ಪಿಟಿ ಟೀಚರ್ ಆಗಿದ್ದು, ಆ ಕೆಲಸ ಹೋದ ಮೇಲೆ ಮಗಳನ್ನು ಕರೆದುಕೊಂಡು ಬೇಗೂರಿನಲ್ಲಿ ಬಾಡಿಗೆ ಮನೆ ಹಿಡಿದಿದ್ದಳು. ಕಾಮೆಂಟೇಟರನ ಗೋಳು ಕೇಳಿ ಅವಳು ಹೆಡ್‌ಫೋನ್ ತೆಗೆದಿಟ್ಟು ನನ್ನ ಕಡೆ ತಿರುಗಿದಳು. "ಬಸ್ಸಿನ್ಯಾಗ ಸೀಟ್ ಸಿಕ್ಕೈತಿ ಅಂದಮ್ಯಾಲ, ನೂಕಿ ಹಿಡದ್ರೋ ಯಾರರ ಎದ್ದು ಕೊಟ್ರೋ, ಏನ್ ಫರಕ್ ಐತ್ರಿ ಸರ್?" ಅಂದಳು. ಹೊಸಬರಿಗೆ ತರಬೇತಿ ಕೊಡುವಾಗ ನಾನು ಆ ಮಾತನ್ನು ನನ್ನದೇ ಅನ್ನುವಂತೆ ವರ್ಷಗಟ್ಟಲೆ ಬಳಸಿದೆ.

ಇನ್ನೊಂದು ಲೆಕ್ಕವಿದೆ. ಬೇಸುಗಳ ಮೇಲೆ ಕಾದಿದ್ದ ಎಷ್ಟು ಜನರನ್ನು ತನ್ನ ಹೊಡೆತದಿಂದ ಹೊರಟ ಜಾಗಕ್ಕೆ ಮುಟ್ಟಿಸಿ ರನ್ ಮಾಡಿಸಿದ ಅನ್ನುವುದು. ಕಾಮೆಂಟೇಟರುಗಳಿಗೆ ಇದರ ಮೇಲೆ ಅಪಾರ ಪ್ರೀತಿ. ಇದರಲ್ಲಿ ಮುಂದಿರುವವನನ್ನು ಗಂಡೆದೆಯವನು, ಸಮಯಕ್ಕಾಗುವವನು ಅಂತೆಲ್ಲ ಹೊಗಳುತ್ತಾರೆ. ಅವನಿಗಿಂತ ಮುಂಚೆ ಆಡಿದ ಮೂವರು ಕಷ್ಟಪಟ್ಟು ಬೇಸು ತುಂಬಿಸಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಕೋಸಂಬರಿ ಬಡಿಸಿದವನನ್ನು ಯಾರೂ ನೆನಪಿಡುವುದಿಲ್ಲ. ಹೋಳಿಗೆ ತಂದವನನ್ನು ಎಲ್ಲರೂ ಹೆಸರು ಹಿಡಿದು ಕರೆಯುತ್ತಾರೆ.

ಎಸೆಯುವವನ ಹೆಸರಿಗೆ ಗೆಲುವು ಬರೆಯುವ ಪದ್ಧತಿಯೂ ಅಂಥದ್ದೇ. ಒಬ್ಬ ಚೆನ್ನಾಗಿ ಎಸೆದರೂ ತನ್ನ ತಂಡದವರು ರನ್ ಮಾಡದಿದ್ದರೆ ಸೋಲು ಅವನ ಹೆಸರಿಗೆ. ಇನ್ನೊಬ್ಬ ಹೊಡೆಸಿಕೊಂಡು ಹೈರಾಣಾದರೂ ತಂಡದವರು ಇನ್ನೂ ಜಾಸ್ತಿ ಹೊಡೆದರೆ ಗೆಲುವು ಅವನದು. ಇದು ನನಗೆ ಪೀಣ್ಯದಿಂದಲೇ ಗೊತ್ತಿತ್ತು. ಅಲ್ಲಿ ಒಬ್ಬ ಸೂಪರ್‌ವೈಸರ್, ಹಿಂದಿನ ಶಿಫ್ಟಿನವರು ಮುಕ್ಕಾಲು ಮುಗಿಸಿಟ್ಟ ಮಾಲಿಗೆ ತನ್ನ ಶಿಫ್ಟಿನಲ್ಲಿ ಕೊನೆಯ ಪಾಲಿಶ್ ಹಾಕಿಸಿ ಲಾರಿ ಹತ್ತಿಸುತ್ತಿದ್ದ. ಉತ್ಪಾದನೆಯ ಪಟ್ಟಿಯಲ್ಲಿ ಅವನದೇ ಮೊದಲ ಹೆಸರು. ಆಯುಧ ಪೂಜೆಯ ದಿನ ಅವನಿಗೆ ಶಾಲು ಹೊದಿಸುವಾಗ ನಾವೆಲ್ಲ ಚಪ್ಪಾಳೆಯನ್ನೂ ತಟ್ಟಿದ್ದೇವೆ.

ನಮ್ಮ ಕಡೆಯಿಂದ ಆದ ಎಡವಟ್ಟುಗಳೂ ಇವೆ. ಪಟ್ಟಂದೂರು ಅಗ್ರಹಾರದವನೇ ಆದ ಮುನಿರಾಜು ಬಲು ತುಂಟ. ಒಮ್ಮೆ ಮಳೆಯಿಂದ ಆಟ ನಿಂತು ಬೇಜಾರಾಗಿ, ಒಬ್ಬ ಆಟಗಾರ ಕೆಲವು ವಾರಗಳಿಂದ ಮಂಗಳವಾರ ಮಾತ್ರ ಚೆನ್ನಾಗಿ ಹೊಡೆಯುತ್ತಿದ್ದಾನೆ ಅಂತ ಕಾಮೆಂಟೇಟರ್‌ಗೆ ಟಿಪ್ಪಣಿ ಕಳಿಸಿಬಿಟ್ಟ. ಅಂಕಿ ಸುಳ್ಳಲ್ಲ, ಆದರೆ ಇದ್ದದ್ದೇ ನಾಲ್ಕೈದು ಮಂಗಳವಾರ. ಕಾಮೆಂಟೇಟರ್ ಅದನ್ನು ತಮಾಷೆ ಅಂತ ತಿಳಿಯಲಿಲ್ಲ. ಆಟಗಾರನ ಊಟ, ನಿದ್ದೆ, ಮನಸ್ಸು, ವಾರದ ಲಯ ಅಂತ ಮಳೆ ನಿಲ್ಲುವವರೆಗೂ ಕೊರೆದ. ಮುಂದಿನ ಮಂಗಳವಾರ ಆ ಆಟಗಾರ ಒಂದೂ ಹೊಡೆಯಲಿಲ್ಲ. ಅಯ್ಯೋ ಪಾಪ, ಇವನ ಆಟ ಮುಗಿಯಿತು ಅಂತ ಅದೇ ಕಾಮೆಂಟೇಟರ್ ನಿಟ್ಟುಸಿರು ಬಿಟ್ಟ. ಮುನಿರಾಜು ಮೇಜಿನ ಕೆಳಗೆ ತಲೆ ಇಟ್ಟು ನಗುತ್ತಿದ್ದ. "ಒಂದ್ ಮಂಗ್ಳವಾರ ಹೊಡೀಲಿಲ್ಲ ಅಂತ ಇವ್ರು ಇವ್ನಿಗೆ ಹೆಣ್ಣೂ ಕೊಡಾಕಿಲ್ಲ ಸಾ" ಅಂದ. ಹತ್ತಾರು ಆಟ ನೋಡದೆ ಯಾರ ಬಗ್ಗೆಯೂ ತೀರ್ಮಾನಕ್ಕೆ ಬರಬೇಡಿ ಅನ್ನುವುದನ್ನು ಹೊಸಬರಿಗೆ ಮನದಟ್ಟು ಮಾಡಲು ನನಗೆ ಈ ಕಥೆ ಸಾಕಾಗುತ್ತಿತ್ತು.

ನನಗೆ ಮಿಮಿಕ್ರಿಯ ಚಟವಿತ್ತು. ಶಿಫ್ಟ್ ಮುಗಿಸಿ ತಟ್ಟೆ ಇಡ್ಲಿ ಗಾಡಿಯ ಹತ್ತಿರ ನಿಂತಾಗ ಆ ದಿನದ ಕಾಮೆಂಟೇಟರನ ಧಾಟಿಯಲ್ಲೇ, ಆದರೆ ಕನ್ನಡದಲ್ಲಿ, ಇಡ್ಲಿ ಗಾಡಿಯವನ ಆಟವನ್ನು ವರ್ಣಿಸುತ್ತಿದ್ದೆ. ನಮ್ಮ ಮ್ಯಾನೇಜರ್ ಕಿರಣ್‌ಗೆ ಅದು ಬಹಳ ಇಷ್ಟ. ದಾವಣಗೆರೆ ಕಡೆಯ ಓದಿದ ಮನೆತನದ ಹುಡುಗ, ವಯಸ್ಸಿನಲ್ಲಿ ನನ್ನ ಮಗನಷ್ಟಿರಬಹುದು. ಒಳ್ಳೆಯವನು. ನನ್ನಂಥ ಹಳಬರನ್ನು ಬನ್ನಿ ಹೋಗಿ ಅಂತ ಗೌರವದಿಂದಲೇ ಮಾತಾಡಿಸುತ್ತಿದ್ದ. ಅವನು ಬರುತ್ತಿದ್ದದ್ದು ನಮ್ಮ ಶಿಫ್ಟ್ ಮುಗಿಯುವ ಹೊತ್ತಿಗೆ. ಹಾಗಾಗಿ ನಮ್ಮ ಕೆಲಸದ ಫಲಿತಾಂಶ ಅವನಿಗೆ ಗೊತ್ತಿತ್ತು, ಕೆಲಸ ಮಾತ್ರ ಗೊತ್ತಿರಲಿಲ್ಲ.

ಎಲ್ಲ ಲೆಕ್ಕಗಳಲ್ಲೂ ಅತಿ ಮೋಸದ ಲೆಕ್ಕ ಅಂದರೆ ಫೀಲ್ಡಿಂಗಿನದು. ಕೈಗೆ ಬಂದ ಚೆಂಡನ್ನು ಬಿಟ್ಟರೆ ಆ ಆಟಗಾರನ ಹೆಸರಿಗೆ ಒಂದು ತಪ್ಪು ಬೀಳುತ್ತದೆ. ಕೈಗೆ ಬರದೇ ಇದ್ದರೆ ಇಲ್ಲ. ಒಂದು ತಂಡದಲ್ಲಿ ಒಬ್ಬ ಹಳಬನಿದ್ದ, ಹೊಟ್ಟೆ ಬಂದಿತ್ತು. ಎರಡು ಹೆಜ್ಜೆ ಆಚೆ ಹೋಗುವ ಚೆಂಡಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವನ ಹೆಸರಿಗೆ ತಪ್ಪೇ ಇಲ್ಲ. ಎದುರು ತಂಡದ ಹುಡುಗ ಚಿಗರೆಯ ಹಾಗೆ ನೆಗೆದು, ಬೇರೆ ಯಾರೂ ಮುಟ್ಟದ ಚೆಂಡಿಗೂ ಕೈ ಹಾಕುತ್ತಿದ್ದ. ಹತ್ತರಲ್ಲಿ ಎರಡು ಜಾರುತ್ತಿದ್ದವು. ಕಾಮೆಂಟೇಟರ್ ಹಳಬನನ್ನು ಬಂಡೆಯಂತೆ ಭದ್ರ ಅಂದ, ಹುಡುಗನಿಗೆ ಬೆಣ್ಣೆ ಕೈ ಅಂದ. ಅವತ್ತು ಮಹಾದೇವಿ ಕೂತಲ್ಲೇ ಆ ಕಾಮೆಂಟೇಟರ್‌ಗೆ ವಿಜಯಪುರದ ಭಾಷೆಯಲ್ಲಿ ಬೈದಳು. ಪುಣ್ಯಕ್ಕೆ ಹೆಡ್‌ಫೋನಿನ ಮೈಕು ಆಫ್ ಇತ್ತು.

ತಪ್ಪಿನ ಈ ಲೆಕ್ಕ ಮೋಸದ್ದು ಅನ್ನುವ ಮಾತು ಕಿರಣ್‌ಗೂ ಹಿಡಿಸಿತು. ನಮ್ಮ ದಾಖಲೆಗಳಿಂದಲೇ ಒಂದು ಪ್ರೆಸೆಂಟೇಶನ್ ಮಾಡಿ ಅಮೆರಿಕದ ಕ್ಲೈಂಟ್‌ಗೆ ತೋರಿಸಿದ. ತಪ್ಪು ಎಣಿಸುವ ಮುಂಚೆ ಆಟಗಾರನ ಕಡೆ ಎಂಥ ಚೆಂಡು ಬಂತು ಅಂತ ನೋಡಿ ಅನ್ನುವುದು ಅದರ ಸಾರಾಂಶ. ಕ್ಲೈಂಟ್ ಭೇಷ್ ಅಂದಿತು. ಕಿರಣ್ ನಮಗೆಲ್ಲ ಕೇಕ್ ತರಿಸಿದ. ಕಾಮೆಂಟೇಟರುಗಳು ಎಂಥ ದಡ್ಡರು ಅಂತ ಕೇಕ್ ತಿನ್ನುತ್ತಾ ಎಲ್ಲರೂ ನಕ್ಕೆವು.

ಆಮೇಲೆ ಕಾಲ ಬದಲಾಯಿತು. ಮೈದಾನದ ಸುತ್ತ ಹೊಸ ಕ್ಯಾಮೆರಾಗಳು ಬಂದವು, ಚೆಂಡಿನ ವೇಗ, ಎತ್ತರ, ತಿರುಗುವಿಕೆ ಎಲ್ಲವನ್ನೂ ಅವೇ ಅಳೆಯತೊಡಗಿದವು. ಕಾಮೆಂಟೇಟರುಗಳಿಗೆ ತಪ್ಪು ತಿಳಿಯಲು ಇನ್ನಷ್ಟು ಅಂಕಿಗಳು ಸಿಕ್ಕವು. ನಮಗೆ ಕೆಲಸ ಕಡಿಮೆಯಾಯಿತು. ಕೆಲವರ ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲ ಅಂತ ಸುದ್ದಿ ಬಂತು. ಯಾರನ್ನು ಬಿಡಬೇಕು ಅನ್ನುವುದಕ್ಕೆ ಒಂದು ಅಳತೆಗೋಲು ಬೇಕಲ್ಲ. ನಾವು ದಾಖಲಿಸಿದ್ದನ್ನು ಕ್ಲೈಂಟ್ ಕಡೆಯವರು ಮತ್ತೆ ಪರಿಶೀಲಿಸಿ ತಿದ್ದಿ ಕಳಿಸುತ್ತಿದ್ದರು. ಯಾರ ಕೆಲಸದಲ್ಲಿ ತಿದ್ದುಪಡಿ ಜಾಸ್ತಿಯೋ ಅವರು ಮನೆಗೆ. ಆ ಲೆಕ್ಕದಲ್ಲಿ ಎಲ್ಲರಿಗಿಂತ ಮೇಲೆ ಇದ್ದ ಹೆಸರು ಮಹಾದೇವಿಯದು.

ನನಗೆ ನಂಬಲಾಗಲಿಲ್ಲ, ಸಿಟ್ಟೂ ಬಂತು. ಯಾಕೆ ಅಂದರೆ ಇದರ ಹಿಂದಿನ ಸಂಗತಿ ಬೆಳಗಿನ ಶಿಫ್ಟಿನವರಿಗೆಲ್ಲ ಗೊತ್ತಿದ್ದದ್ದೇ. ನಮ್ಮಲ್ಲಿ ಒಂದು ರೂಢಿಯಿತ್ತು. ಆ ದಿನದ ಮ್ಯಾಚುಗಳನ್ನೆಲ್ಲ ಬಿಳಿ ಬೋರ್ಡಿನ ಮೇಲೆ ಬರೆದಿರುತ್ತಿದ್ದರು. ಮೊದಲು ಬಂದವರು ತಮಗೆ ಬೇಕಾದ ಮ್ಯಾಚಿನ ಎದುರು ಹೆಸರು ಬರೆದುಕೊಳ್ಳುವುದು. ಮುನಿರಾಜುವಿನ ಮನೆ ಅಲ್ಲೇ ಹಿಂದಿನ ಬೀದಿಯಲ್ಲಿ, ಅವನು ಲುಂಗಿ ಬಿಚ್ಚಿ ಪ್ಯಾಂಟು ಹಾಕುವಷ್ಟರಲ್ಲಿ ಆಫೀಸಿನಲ್ಲಿರುತ್ತಿದ್ದ. ಒಳ್ಳೆ ಬೆಳಕಿನ, ಬೇಗ ಮುಗಿಯುವ ಮ್ಯಾಚು ಅವನದು. ಬೇಗೂರಿನ ಕ್ಯಾಬು ದಾರಿಯಲ್ಲಿ ಮೂರು ಕಡೆ ಜನ ಹತ್ತಿಸಿಕೊಂಡು ಎಲ್ಲರಿಗಿಂತ ಕಡೆಗೆ ಬರುತ್ತಿತ್ತು. ಅದರಲ್ಲೂ ಕಡೆಗೆ ಇಳಿಯುತ್ತಿದ್ದವಳು ಹಿಂದಿನ ಸೀಟಿನ ಮಹಾದೇವಿ. ಅವಳು ಬರುವ ಹೊತ್ತಿಗೆ ಬೋರ್ಡಿನಲ್ಲಿ ಉಳಿದಿರುತ್ತಿದ್ದದ್ದು ಯಾರಿಗೂ ಬೇಡವಾದ ಮ್ಯಾಚು. ಒಂದು ಮೈದಾನದಲ್ಲಂತೂ ಕ್ಯಾಮೆರಾದ ಮುಂದೆಯೇ ಒಂದು ಕಂಬ, ಅರ್ಧ ಆಟ ಕಂಬದ ಹಿಂದೆ ನಡೆಯುತ್ತಿತ್ತು. ಮಳೆ ಬಿದ್ದರೆ ಚೆಂಡೂ ಕಾಣುತ್ತಿರಲಿಲ್ಲ. ಅಲ್ಲಿನ ಆಟಗಳು ವರ್ಷಗಟ್ಟಲೆ ಅವಳ ಪಾಲಿಗೇ ಬಂದವು. ಅವಳು ಒಂದು ದಿನವೂ ಗೊಣಗಲಿಲ್ಲ. ಕಂಬದ ಹಿಂದಿನಿಂದ ಚೆಂಡು ಯಾವ ಕಡೆ ಹೊರಟಿತು ಅಂತ ಆಟಗಾರರ ತಲೆ ತಿರುಗುವುದನ್ನು ನೋಡಿ ಹೇಳುತ್ತಿದ್ದಳು. ಅದರಲ್ಲಿ ಒಂದೆರಡು ತಪ್ಪಾಗುವುದು ಸಹಜ.

ಮಹಾದೇವಿ ನನ್ನ ಹತ್ತಿರ ದೂರಲಿಲ್ಲ. ಮಗಳು ಆ ವರ್ಷ ಎರಡನೇ ಪಿಯುಸಿ. "ನಡಬರ್ಕ ಕಾಲೇಜ್ ಬಿಡಿಸಿ ಕರ್ಕೊಂಡ್ ಹೋದ್ರ ಅಕಿ ವರ್ಷ ಹಾಳ ಆಕ್ಕೈತ್ರಿ. ಪರೀಕ್ಷಾ ಮುಗಿಯೋಮಟ ಇರಾಕ ಬಿಡಂಗಿಲ್ಲೇನ್ರಿ?" ಅಂತ ಕೇಳಿದಳು. ಅಷ್ಟೇ ಅವಳು ಕೇಳಿದ್ದು. ಪರೀಕ್ಷೆವರೆಗೆ ಅಂತ ದಯೆ ಕೇಳಬೇಕಾದವಳು ಇವಳಲ್ಲ ಅನ್ನಿಸಿ ನನಗೆ ಸಂಕಟವಾಯಿತು.

ಕಿರಣ್ ಕೋಣೆಗೆ ಹೋದೆ. ಮಹಾದೇವಿ ಕೇಳಿದ್ದನ್ನೂ ಅವಳು ಎಂಥ ಕೆಲಸಗಾತಿ ಅನ್ನುವುದನ್ನೂ ಹೇಳಿದೆ. ಅವನಿಗೂ ಬೇಜಾರಿತ್ತು. ಆದರೆ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ. "ನೀವು ಹೇಳೋದು ಅರ್ಥ ಆಗುತ್ತೆ ಸಾರ್. ಆದ್ರೆ ನಂಬರ್ ನೋಡಿ, ಸುಳ್ಳು ಹೇಳಲ್ಲ. ನಾನೇನು ಮಾಡ್ಲಿ?" ಅಂದ.

ನಾನು ವಾದಿಸಿದ್ದರೆ ಅವನೂ ವಾದಿಸುತ್ತಿದ್ದ. ನನಗೆ ಅವತ್ತು ಏನು ಹೊಳೆಯಿತೋ, ಅವನ ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ಮೈಕಿನಂತೆ ಹಿಡಿದುಕೊಂಡು ಆ ಬಂಡೆ-ಬೆಣ್ಣೆ ಕಾಮೆಂಟೇಟರನ ದನಿ ತೆಗೆದೆ.

"ಬನ್ನಿ ಸ್ನೇಹಿತರೇ, ಈಗ ಕಂಪ್ಯೂಟರ್ ಮುಂದೆ ಕೂರ್ತಾ ಇದ್ದಾರೆ ಮಹಾದೇವಿ. ಈ ಸೀಸನ್‌ನಲ್ಲಿ ಅತಿ ಹೆಚ್ಚು ತಪ್ಪು ಮಾಡಿರೋ ಆಟಗಾರ್ತಿ. ಬೆಣ್ಣೆ ಕೈ ಅಂದ್ರೆ ಇದೇ ನೋಡಿ. ಪಕ್ಕದಲ್ಲಿ ಮುನಿರಾಜು, ಆಹಾ, ಬಂಡೆ, ಬಂಡೆ. ಅವ್ರಿಗೆ ಒಳ್ಳೆ ಬೆಳಕಿನ ಮ್ಯಾಚು, ಇವ್ರಿಗೆ ಕಂಬದ ಹಿಂದಿನ ಮ್ಯಾಚು ಅಂತೀರಾ? ಅದೆಲ್ಲ ನಮಗ್ಯಾಕೆ ಬಿಡಿ. ನಂಬರ್ ಸುಳ್ಳು ಹೇಳಲ್ಲ."

ಕಿರಣ್ ಅಭ್ಯಾಸಬಲದಿಂದ ನಗಲು ಶುರುಮಾಡಿದ. ನಾನು ಬಂಡೆ ಅನ್ನುವ ಹೊತ್ತಿಗೆ ಅವನ ನಗು ನಿಂತಿತ್ತು. ಬಾಟಲಿ ಕೆಳಗಿಟ್ಟೆ. ಹೆಚ್ಚಾಯಿತೇನೋ, ನನ್ನ ಕೆಲಸಕ್ಕೂ ಕುತ್ತು ಬಂತೇನೋ ಅನ್ನಿಸಿತು.

"ಯಾರಿಗೆ ಯಾವ ಮ್ಯಾಚ್ ಅಂತ ಯಾರು ಡಿಸೈಡ್ ಮಾಡೋದು?" ಅಂತ ಕಿರಣ್ ಕೇಳಿದ.

ಬೋರ್ಡಿನ ವಿಷಯ, ಕ್ಯಾಬಿನ ವಿಷಯ ಹೇಳಿದೆ. ಅಷ್ಟು ವರ್ಷ ಮ್ಯಾನೇಜರ್ ಆಗಿದ್ದರೂ ಅವನು ಆ ಬೋರ್ಡನ್ನು ನೋಡಿದ್ದು ಮ್ಯಾಚು ಮುಗಿದು ಅಳಿಸಿದ ಮೇಲೆಯೇ. ಅವನು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಯೋಚನೆ ಮಾಡ್ತೀನಿ ಸಾರ್ ಅಂದ. ನಾನು ಪೆಚ್ಚುಮುಖ ಹಾಕಿಕೊಂಡು ಹೊರಗೆ ಬಂದೆ.

ಮರುದಿನ ನಸುಕಿಗೆ ನಾವು ಒಬ್ಬೊಬ್ಬರಾಗಿ ಬರುತ್ತಿರುವಾಗ ಕಿರಣ್ ಸ್ವೆಟರ್ ಹಾಕಿಕೊಂಡು, ಕಣ್ಣು ಉಜ್ಜಿಕೊಳ್ಳುತ್ತಾ ಬೋರ್ಡಿನ ಪಕ್ಕ ನಿಂತಿದ್ದ. ಯಾರು ಬರುತ್ತಾರೆ, ಯಾವುದರ ಎದುರು ಹೆಸರು ಬರೆಯುತ್ತಾರೆ ಅಂತ ಸುಮ್ಮನೆ ನೋಡುತ್ತಿದ್ದ. ಮುನಿರಾಜು ಎಂದಿನಂತೆ ಹೆಸರು ಬರೆಯಲು ಹೋಗಿ, ಮ್ಯಾನೇಜರನ್ನು ಕಂಡು, ಬರೆಯಲೋ ಬೇಡವೋ ಅಂತ ಪೆನ್ನು ಹಿಡಿದು ನಿಂತುಬಿಟ್ಟ. ಬರೀರಿ ಬರೀರಿ ಅಂದ ಕಿರಣ್. ಕಡೆಗೆ ಬೇಗೂರಿನ ಕ್ಯಾಬು ಬಂತು. ಕ್ಯಾಬಿನವರೆಲ್ಲ ಬರೆದ ಮೇಲೆ ಮಹಾದೇವಿ ಬೋರ್ಡಿನ ಹತ್ತಿರ ಬಂದಳು. ಉಳಿದಿದ್ದದ್ದು ಕಂಬದ ಮೈದಾನದ್ದು. ಅಲ್ಲಿ ಮಳೆ ಬೇರೆ. ಅವಳು ಪೆನ್ನಿಗೆ ಕೈ ಹಾಕುವಷ್ಟರಲ್ಲಿ ಕಿರಣ್ ತಾನೇ ಪೆನ್ನು ತೆಗೆದುಕೊಂಡು ತನ್ನ ಹೆಸರು ಬರೆದ. ಇವತ್ತು ನೀವು ನನ್ನ ಪಕ್ಕ ಕೂತ್ಕೊಳಿ ಮೇಡಂ, ಏನೂ ಹೇಳ್ಕೊಡಬೇಡಿ ಅಂದ.

ಆ ಬೆಳಗ್ಗೆಯನ್ನು ನೆನೆದರೆ ಈಗಲೂ ನಗು ಬರುತ್ತದೆ. ಮೊದಮೊದಲು ಕಿರಣ್ ಪಟಪಟನೆ ಕೀ ಒತ್ತಿದ. ಆಮೇಲೆ ಒಂದು ಚೆಂಡು ಕಂಬದ ಹಿಂದೆ ಹೋಯಿತು, ಇನ್ನೊಂದು ಕಡೆಯಿಂದ ಬರಲೇ ಇಲ್ಲ. ಎಲ್ಲಿ ಹೋಯ್ತು ಎಲ್ಲಿ ಹೋಯ್ತು ಅಂತ ಅವನು ಕುರ್ಚಿಯಲ್ಲೇ ಬಗ್ಗಿ ಪರದೆಯ ಪಕ್ಕದಿಂದ ಇಣುಕಿ ನೋಡಿದ, ಕಂಬದ ಆಚೆ ಕಂಡೀತು ಅನ್ನುವಂತೆ. ಅಷ್ಟರಲ್ಲಿ ಓಡುವವನೊಬ್ಬ ಎರಡು ಬೇಸುಗಳ ನಡುವೆ ಸಿಕ್ಕಿಬಿದ್ದ. ಫೀಲ್ಡರುಗಳು ಚೆಂಡನ್ನು ಆ ಕಡೆ ಈ ಕಡೆ ಎಸೆದಾಡುತ್ತಾ ಅವನನ್ನು ಅಟ್ಟಾಡಿಸಿದರು. ಚೆಂಡು ಮುಟ್ಟಿದ ಪ್ರತಿ ಕೈಗೂ ಒಂದೊಂದು ಕೀ ಒತ್ತಬೇಕು. ಅರ್ಧ ಕಂಬದ ಹಿಂದೆ, ಅರ್ಧ ಮಳೆಯಲ್ಲಿ. ಕಿರಣ್ ಕೊನೆಗೆ ಕೈ ಬಿಟ್ಟು ನಮ್ಮ ಕಡೆ ನೋಡಿದ. ಮಹಾದೇವಿ ಸೆರಗು ಬಾಯಿಗಿಟ್ಟುಕೊಂಡು ನಗು ತಡೆಯುತ್ತಿದ್ದಳು. ಹೇಳಿಕೊಡಬೇಡಿ ಅಂದದ್ದನ್ನು ಮಾತ್ರ ಮೀರಲಿಲ್ಲ.

ಆಟ ಮುಗಿದು ಬಹಳ ಹೊತ್ತಾದ ಮೇಲೆ ಕ್ಲೈಂಟ್‌ನಿಂದ ತಿದ್ದುಪಡಿಗಳು ಬಂದವು. ಶಿಫ್ಟ್ ಮುಗಿದರೂ ನಾವ್ಯಾರೂ ಮನೆಗೆ ಹೋಗಿರಲಿಲ್ಲ. ಕಿರಣ್ ಅವನ್ನು ಪರದೆಯ ಮೇಲೆ ತೆರೆದು, ಮುಚ್ಚುಮರೆಯಿಲ್ಲದೆ ಎಲ್ಲರಿಗೂ ತೋರಿಸಿದ. ಒಂದೇ ಆಟದಲ್ಲಿ ಅಷ್ಟು ತಪ್ಪು ನಾವ್ಯಾರೂ ಮಾಡಿರಲಿಲ್ಲ.

"ಮೇಡಂ, ನಿಮ್ಮ ಕಾಂಟ್ರಾಕ್ಟ್ ರಿನ್ಯೂ ಮಾಡೋಕೆ ಹೇಳಿ ಈಗಷ್ಟೇ ಮೇಲ್ ಹಾಕಿದೀನಿ. ಪರೀಕ್ಷೆವರೆಗೆ ಅಲ್ಲ, ಪೂರ್ತಿ ಅವಧಿಗೆ" ಅಂದ. ಮತ್ತೆ ಪರದೆಯ ಕಡೆ ತೋರಿಸಿ, "ನಾವು ಹಾಕಿದ ಲೆಕ್ಕ ನೋಡಿದ್ರೆ ಮೊದಲು ಮನೆಗೆ ಹೋಗ್ಬೇಕಾದವನು ನಾನೇ" ಅಂದ.

ಮಹಾದೇವಿಯ ಕಣ್ಣು ತುಂಬಿತ್ತು. ಒರೆಸಿಕೊಂಡು, ಅವನ ಆಟವನ್ನು ನಿಜವಾಗಿ ತೂಗಿ ನೋಡುವವಳಂತೆ ಪರದೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಒಂದ ಮ್ಯಾಚಿನ್ಯಾಗ ಏನ್ ಗೊತ್ತಾಕ್ಕೈತ್ರಿ ಸರ್? ಇನ್ನೊಂದೀಟ ಆಡ್ರಿ. ಆಮ್ಯಾಲ ನೋಡೂಣು" ಅಂದಳು.

ಎಲ್ಲರಿಗಿಂತ ಜೋರಾಗಿ ನಕ್ಕವನು ಕಿರಣ್. ಮಾರನೇ ದಿನ ಮುನಿರಾಜು ಎಂದಿಗಿಂತ ಬೇಗ ಬಂದು ದೀಪ ಹಾಕಿದರೆ, ಬೋರ್ಡಿನಲ್ಲಿ ಕಂಬದ ಮೈದಾನದ ಮ್ಯಾಚಿನ ಎದುರು ಆಗಲೇ ಒಂದು ಹೆಸರು ಬರೆದಾಗಿತ್ತಂತೆ. ಅದು ಮ್ಯಾನೇಜರನದು.